ಪ್ಯಾರಿಸ್ಸಿನ ವಿದ್ಯಾರ್ಥಿಗಳೂ ತಪಸ್ಸುಕಾಲವೂ

ಈಸ್ಟರಿಗೆ ಪೂರ್ವದಲ್ಲಿ ಕ್ರೈಸ್ತರು ಆಚರಿಸುವ ನಾಲ್ವತ್ತು ದಿನಗಳ ತಪಸ್ಸುಕಾಲಕ್ಕೆ ಉಪವಾಸ, ಪ್ರಾರ್ಥನೆ, ದಾನಗಳೆಂಬ ಮೂರು ಅಂಗಗಳುಂಟು. ಉಪವಾಸದಿಂದ ಉಳಿದುದು ಬಡವರಿಗೆ ಸಲ್ಲಬೇಕೆಂದು ಐದನೆಯ ಶತಮಾನದಲ್ಲಿಯೇ ಪೋಪ್ ಲಿಯೋ ಉಪದೇಶಿಸಿದ್ದನು. ಈ ಅಂಗಗಳ ಪರಸ್ಪರ ಸಂಬಂಧವು 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಪರೀಕ್ಷೆಗೊಳಗಾಯಿತು. ಕ್ರೈಸ್ತಧರ್ಮವು ಹಿಂದೆ ಲೋಕೋಪಕಾರ ಮಾಡಿದುದು ಸರಿ, ಈಗ ಮಾಡುವುದೇನು ಎಂಬುದು ಪ್ರತಿವಾದಿಗಳ ಆಕ್ಷೇಪ. ಮುಂದೆ ದಾಂತೆಯನ್ನು ಕುರಿತು ಗ್ರಂಥ ರಚಿಸಿದ ಫ್ರೆಡರಿಕ್ ಓಜಾನಾಮನಿಗೆ ಆಗ ಇಪ್ಪತ್ತು ವರ್ಷ. ಅವನೂ ಅವನ ಮಿತ್ರರೂ ಸನ್ಯಾಸಿನಿ ರೋಸಲಿ ರಂದ್ಯುವಿನ ಮಾರ್ಗದರ್ಶನದಲ್ಲಿ ಬಡವರ ಮನೆಗಳಿಗೆ ಹೋಗತೊಡಗಿದರು. ಈ ಕೂಟವೇ ಸಂತ ವಿನ್ಸೆಂಟ್ ದ ಪಾಲನ ಹೆಸರಿನ ಸಭೆಯಾಗಿ ಬೆಳೆಯಿತು. ತಪಸ್ಸುಕಾಲದ ಉಪನ್ಯಾಸಗಳನ್ನು ಏರ್ಪಡಿಸಬೇಕೆಂದು ಅವರು ಆರ್ಚ್‌ಬಿಷಪ್ಪನಿಗೆ ಬಿನ್ನವಿಸಿದುದು ಅನಂತರ. 1835ರಲ್ಲಿ ನೋತ್ರ್ ದಾಮಿನಲ್ಲಿ ಲಾಕೋರ್ದೇರನು ಅವನ್ನು ನಡೆಸಿಕೊಟ್ಟನು. ಹೀಗೆ ಸೇವೆ ಮೊದಲು, ಶ್ರವಣ ತರುವಾಯ. ಪೂರ್ವಪಕ್ಷಕ್ಕೆ ಇಲ್ಲಿ ವಾದವಲ್ಲ, ಕರ್ಮವೇ ಸಿದ್ಧಾಂತವಾಯಿತು.