ಬಳಸಿದ ಮೀನುಗಾರಿಕೆ ದೋಣಿಯ ನ್ಯಾಯಯುತ ಬೆಲೆ ನಿರ್ಧಾರ: ಖರೀದಿದಾರರಿಗೆ ಮಾಹಿತಿ

ಪೀಠಿಕೆ

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಬಂದರುಗಳಲ್ಲಿ ಬಳಸಿದ ಯಾಂತ್ರೀಕೃತ ದೋಣಿಗಳ ಮಾರಾಟ ಮತ್ತು ಖರೀದಿಯು ನಡೆಯುತ್ತಿರುತ್ತದೆ. ದೋಣಿಯ ಖರೀದಿಯು ಮೀನುಗಾರ ಕುಟುಂಬದ ಅನೇಕ ವರ್ಷಗಳ ಉಳಿತಾಯವನ್ನೂ, ಅನೇಕ ವೇಳೆ ಒತ್ತೆ ಇಟ್ಟ ಚಿನ್ನವನ್ನೂ ಒಳಗೊಂಡಿರುತ್ತದೆ. ಹೊಸ ಬಣ್ಣವನ್ನಾಗಲಿ, ಹಿಂದಿನ ಋತುವಿನ ಉತ್ತಮ ಇಳುವರಿಯನ್ನಾಗಲಿ ನೋಡಿ ಬೆಲೆ ಒಪ್ಪುವುದು ಸೂಕ್ತವಲ್ಲ. ಸುಸ್ಥಿತಿಯ ದೋಣಿಯ ಬೆಲೆಯಿಂದ ದುರಸ್ತಿಯ ವೆಚ್ಚವನ್ನು ಕಳೆದು ಉಳಿಯುವ ಮೊತ್ತವೇ ನ್ಯಾಯಯುತ ಬೆಲೆಯಾಗಿರುತ್ತದೆ.

1. ಪರಿಶೀಲನೆಗೆ ಸೂಕ್ತ ಸಮಯ

ಕರ್ನಾಟಕ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ದಡಕ್ಕೆ ಏರಿಸಿದ ದೋಣಿಯ ತಳಭಾಗವನ್ನು ಪೂರ್ಣವಾಗಿ ಪರೀಕ್ಷಿಸಬಹುದು. ಆದರೆ ನೀರು ಸೋರುವಿಕೆ ಮತ್ತು ಎಂಜಿನ್‌ನ ಸಾಮರ್ಥ್ಯ ನೀರಿನಲ್ಲಿ ಮಾತ್ರ ತಿಳಿಯುವುದರಿಂದ, ದಡದಲ್ಲಿ ಒಮ್ಮೆ ಹಾಗೂ ನೀರಿನಲ್ಲಿ ಒಮ್ಮೆ ಪರಿಶೀಲಿಸುವುದು ಅವಶ್ಯಕ. ಅನುಭವಿ ಬಡಗಿ ಹಾಗೂ ಸ್ವತಂತ್ರ ಮೆಕ್ಯಾನಿಕ್ ಜೊತೆಯಲ್ಲಿರತಕ್ಕದ್ದು.

2. ದೋಣಿಯ ಒಡಲು

ಅ) ಮರದ ದೋಣಿ: ಅಡಿಮರ, ಅದಕ್ಕೆ ತಾಗಿದ ಹಲಗೆಗಳು ಮತ್ತು ಎಂಜಿನ್ ಕೆಳಗಿನ ಭಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡತಕ್ಕದ್ದು. ಮಂದವಾದ ಶಬ್ದ ಬಂದಲ್ಲಿ ಮರ ಕೊಳೆತಿರುವ ಸಂಭವವಿದೆ. ಮರ ಕೊರೆಯುವ ಕಡಲ ಹುಳುವಿನ ರಂಧ್ರವು ಹೊರಗೆ ಸಣ್ಣದಾಗಿದ್ದರೂ ಒಳಗಿನ ಹಾನಿ ದೊಡ್ಡದಾಗಿರುತ್ತದೆ. ಮರದ ಮೇಲೆ ಫೈಬರ್ ಹೊದಿಕೆ ಇದ್ದಲ್ಲಿ, ಒಳಗಿನ ಹಲಗೆಗಳನ್ನು ಮೀನಿನ ಕೋಣೆಯ ಕಡೆಯಿಂದಲೂ ನೋಡುವುದು ಅಗತ್ಯ.

ಆ) ಫೈಬರ್ ದೋಣಿ: ತಳಭಾಗದ ಬೊಬ್ಬೆಗಳು, ಪದರ ಬಿಟ್ಟ ಜಾಗಗಳು ಹಾಗೂ ಬಿರುಕುಗಳನ್ನು ಗಮನಿಸಬೇಕು.

ಇ) ಉಕ್ಕಿನ ದೋಣಿ: ತಗಡಿನ ದಪ್ಪವನ್ನು ಉಪಕರಣದಿಂದ ಅಳೆಯಿಸುವುದು ಸೂಕ್ತ. ಹೊರಗಿನ ಬಣ್ಣದಿಂದ ಒಳಗಿನ ತುಕ್ಕು ತಿಳಿಯುವುದಿಲ್ಲ.

3. ಎಂಜಿನ್ ಮತ್ತು ಚಾಲನಾ ವ್ಯವಸ್ಥೆ

ಎಂಜಿನ್ ತಣ್ಣಗಿರುವಾಗಲೇ ಚಾಲನೆ ಮಾಡಿಸಿ ನೋಡತಕ್ಕದ್ದು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷವನ್ನು ಮರೆಮಾಚುತ್ತದೆ. ನಿರಂತರವಾದ ನೀಲಿ ಹೊಗೆಯು ಆಯಿಲ್ ಉರಿಯುತ್ತಿರುವುದನ್ನೂ, ಕಪ್ಪು ಹೊಗೆಯು ಇಂಧನ ಸರಿಯಾಗಿ ದಹಿಸದಿರುವುದನ್ನೂ ಸೂಚಿಸುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದಲ್ಲಿ ನೀರು ಸೇರಿದೆ ಎಂದು ತಿಳಿಯಬೇಕು. ಸಮುದ್ರದಲ್ಲಿ ಪೂರ್ಣ ವೇಗದಲ್ಲಿ ಓಡಿಸಿ ಗೇರ್ ಬಾಕ್ಸ್, ಶಾಫ್ಟ್‌ನ ಅಲುಗಾಟ ಹಾಗೂ ಉಷ್ಣಾಂಶವನ್ನು ನೋಡುವುದು ಅವಶ್ಯಕ. ಎಂಜಿನ್ ಸಂಖ್ಯೆ ಮತ್ತು ಅಶ್ವಶಕ್ತಿಯು ನೋಂದಣಿ ದಾಖಲೆಗೆ ಹೊಂದಿಕೆಯಾಗಿರಬೇಕು.

4. ಬಲೆ ಮತ್ತು ಉಪಕರಣಗಳು

ವಿಂಚ್, ತಂತಿ ಹಗ್ಗ, ಟ್ರಾಲ್ ಬೋರ್ಡ್, ಬಲೆ, ಜಿಪಿಎಸ್, ಎಕೋ ಸೌಂಡರ್, ವಿಎಚ್‌ಎಫ್ ಹಾಗೂ ಜೀವರಕ್ಷಕ ಕವಚಗಳ ಪಟ್ಟಿಯನ್ನು ಲಿಖಿತವಾಗಿ ಪಡೆಯತಕ್ಕದ್ದು. ಮಾತಿನಲ್ಲಿ ಸೇರಿದ್ದ ಬಲೆಯು ಹಸ್ತಾಂತರದ ದಿನ ಕಾಣೆಯಾದರೆ ವಿವಾದಕ್ಕೆ ಆಧಾರವಿರುವುದಿಲ್ಲ. ಕೃತಕ ಬೆಳಕು ಬಳಸಿ ಮಾಡುವ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರವು 2017ರಲ್ಲಿ ನಿಷೇಧಿಸಿರುವುದರಿಂದ, ಅದಕ್ಕಾಗಿ ಅಳವಡಿಸಿದ ದೀಪಗಳಿಗೆ ಬೆಲೆ ನೀಡುವಂತಿಲ್ಲ.

5. ದಾಖಲೆಗಳು

ಕೆಳಕಂಡ ದಾಖಲೆಗಳ ಮೂಲ ಪ್ರತಿಗಳನ್ನು ಮುಂಗಡ ನೀಡುವ ಮೊದಲೇ ನೋಡತಕ್ಕದ್ದು.

- ನೋಂದಣಿ ಪತ್ರ ಮತ್ತು ಚಾಲ್ತಿಯಲ್ಲಿರುವ ಮೀನುಗಾರಿಕೆ ಪರವಾನಗಿ
- ವಿಮಾ ಪಾಲಿಸಿ
- ಬ್ಯಾಂಕ್ ಅಥವಾ ಸಹಕಾರಿ ಸಂಘದ ಸಾಲ ಬಾಕಿ ಇಲ್ಲದ ಪ್ರಮಾಣ ಪತ್ರ
- ದೋಣಿಗೆ ಸಹಾಯಧನ ಪಡೆದಿದ್ದಲ್ಲಿ ಅದರ ಷರತ್ತುಗಳ ವಿವರ
- ಪಾಲುದಾರರಿದ್ದಲ್ಲಿ ಎಲ್ಲರ ಲಿಖಿತ ಒಪ್ಪಿಗೆ

ತಾಂಡೇಲ ಹಾಗೂ ಕಲಾಸಿಗಳಿಗೆ ಹಿಂದಿನ ಮಾಲೀಕರು ನೀಡಿದ ಮುಂಗಡ ಮತ್ತು ಕೊಡಬೇಕಾದ ಕೂಲಿಯ ಲೆಕ್ಕವನ್ನು ದೋಣಿಯ ಬೆಲೆಯೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಇತ್ಯರ್ಥಪಡಿಸತಕ್ಕದ್ದು. ವಿಮಾ ಪಾಲಿಸಿಯಲ್ಲಿ ನಮೂದಿಸಿದ ಮೌಲ್ಯವನ್ನು ಮಾರುಕಟ್ಟೆ ಬೆಲೆಯೆಂದು ಭಾವಿಸಬಾರದು.

6. ಬೆಲೆಯ ಲೆಕ್ಕ

ಅದೇ ಬಂದರಿನಲ್ಲಿ ಅದೇ ಉದ್ದ, ವಯಸ್ಸು ಮತ್ತು ಅಶ್ವಶಕ್ತಿಯ ಕನಿಷ್ಠ ಮೂರು ದೋಣಿಗಳು ವಾಸ್ತವವಾಗಿ ಮಾರಾಟವಾದ ಬೆಲೆಯನ್ನು ವಿಚಾರಿಸತಕ್ಕದ್ದು. ಕೇಳಿದ ಬೆಲೆಯನ್ನಲ್ಲ, ಕೊಟ್ಟ ಬೆಲೆಯನ್ನು ಪರಿಗಣಿಸಬೇಕು. ಕೆಳಗಿನ ಅಂಕಿಗಳು ಲೆಕ್ಕದ ವಿವರಣೆಗಾಗಿ ಮಾತ್ರ.

- ಸುಸ್ಥಿತಿಯಲ್ಲಿರುವ ಅಂತಹದೇ ದೋಣಿಯ ಬೆಲೆ: ರೂ. 30,00,000
- ಹಲಗೆ ಬದಲಾವಣೆ: ರೂ. 3,00,000
- ಎಂಜಿನ್ ದುರಸ್ತಿ: ರೂ. 2,50,000
- ತಂತಿ ಹಗ್ಗ ಮತ್ತು ಬಲೆ: ರೂ. 1,00,000
- ಕಳೆಯಬೇಕಾದ ಒಟ್ಟು ಮೊತ್ತ: ರೂ. 6,50,000
- ನ್ಯಾಯಯುತ ಬೆಲೆ: ರೂ. 23,50,000

ದುರಸ್ತಿಯು ಮೀನುಗಾರಿಕೆ ಋತುವಿನಲ್ಲಿ ಬಂದಲ್ಲಿ ನಷ್ಟವಾಗುವ ದಿನಗಳ ಆದಾಯವನ್ನೂ ಗಮನದಲ್ಲಿಡಬೇಕು. ಈ ದೋಣಿಯ ಮೇಲೆ ರೂ. 5,00,000 ಸಾಲ ಬಾಕಿ ಇದ್ದಲ್ಲಿ ಬೆಲೆಯು ಬದಲಾಗುವುದಿಲ್ಲ. ಆದರೆ ಆ ಮೊತ್ತವನ್ನು ಮಾರಾಟಗಾರರ ಕೈಗೆ ನೀಡದೆ ನೇರವಾಗಿ ಸಾಲದ ಖಾತೆಗೆ ಪಾವತಿಸಿ, ಉಳಿದ ರೂ. 18,50,000ವನ್ನು ಮಾತ್ರ ಮಾರಾಟಗಾರರಿಗೆ ನೀಡತಕ್ಕದ್ದು.

7. ಪಾವತಿ ಮತ್ತು ವರ್ಗಾವಣೆ

ಕರಾರು ಪತ್ರವು ಲಿಖಿತವಾಗಿದ್ದು, ಹಣವು ಬ್ಯಾಂಕ್ ಮೂಲಕವೇ ಪಾವತಿಯಾಗತಕ್ಕದ್ದು. ನೋಂದಣಿಯ ಹೆಸರು ಬದಲಾವಣೆಯಾಗುವವರೆಗೆ ಬೆಲೆಯ ಒಂದು ಭಾಗವನ್ನು ಬಾಕಿ ಉಳಿಸಿಕೊಳ್ಳುವುದು ಒಳಿತು. ಹೆಸರು ಬದಲಾಗದ ದೋಣಿಯು ಅವಘಡಕ್ಕೆ ಈಡಾದಲ್ಲಿ ವಿಮೆ ಅಥವಾ ಪರಿಹಾರ ಪಡೆಯಲು ಖರೀದಿದಾರರಿಗೆ ತೊಂದರೆಯಾಗುತ್ತದೆ.

ಅಡಿಮರದಲ್ಲಿ ಗಂಭೀರ ಹಾನಿ ಇದ್ದಲ್ಲಿ ಅಥವಾ ಮಾಲೀಕತ್ವವು ಸ್ಪಷ್ಟವಿಲ್ಲದಿದ್ದಲ್ಲಿ ಎಷ್ಟೇ ಕಡಿಮೆ ಬೆಲೆಗೂ ಖರೀದಿಸದಿರುವುದು ಕ್ಷೇಮ. ನೋಂದಣಿ ವರ್ಗಾವಣೆ ಹಾಗೂ ಪರವಾನಗಿಯ ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.