ಔಷಧಿಗೆ ಮಣಿಯದ ಖಿನ್ನತೆಗೆ ಕಾಂತೀಯ ಚಿಕಿತ್ಸೆ

ಖಿನ್ನತೆಯು ಮನಸ್ಸಿನ ದೌರ್ಬಲ್ಯವಲ್ಲ, ಸೋಮಾರಿತನವೂ ಅಲ್ಲ, ಅದೊಂದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬಾಳಿನ ಒಂದಲ್ಲ ಒಂದು ಘಟ್ಟದಲ್ಲಿ ಇದಕ್ಕೆ ತುತ್ತಾಗಿರುತ್ತಾರೆ. ಬಹಳಷ್ಟು ಮಂದಿ ಔಷಧಿ ಮತ್ತು ಆಪ್ತಸಮಾಲೋಚನೆಯಿಂದ ಗುಣಮುಖರಾಗುತ್ತಾರೆ. ಆದರೆ ಎಲ್ಲರೂ ಅಲ್ಲ.

ನಮ್ಮೊಡನೆ ಒಂದೇ ಶಾಖೆಯಲ್ಲಿ ಬಹುಕಾಲ ದುಡಿದ ಹಿರಿಯ ಸಹೋದ್ಯೋಗಿಯೊಬ್ಬರು ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪದವರು. ಎರಡು ವರ್ಷ ಔಷಧಿ ಸೇವಿಸಿಯೂ ಚೇತರಿಸಿಕೊಳ್ಳದೆ, ಇನ್ನು ತಮ್ಮ ಬಾಳು ಇಷ್ಟೇ ಎಂದು ಕೈಚೆಲ್ಲಿ ಸ್ವಯಂನಿವೃತ್ತಿ ಪಡೆದರು. ಮತ್ತೊಂದು ದಾರಿಯಿದೆ ಎಂದು ಹೇಳುವಷ್ಟು ತಿಳಿವಳಿಕೆ ಅಂದು ನಮಗಿರಲಿಲ್ಲ. ಆ ಕೊರಗೇ ಈ ಲೇಖನಕ್ಕೆ ಪ್ರೇರಣೆ.

ಹಠಮಾರಿ ಖಿನ್ನತೆ ಎಂದರೇನು?

ಕನಿಷ್ಠ ಎರಡು ಬಗೆಯ ಖಿನ್ನತಾನಿವಾರಕ ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ಕಾಲ ಸೇವಿಸಿಯೂ ಗುಣ ಕಾಣದಿದ್ದರೆ ವೈದ್ಯರು ಅದನ್ನು ಚಿಕಿತ್ಸೆಗೆ ಮಣಿಯದ ಖಿನ್ನತೆ ಎನ್ನುತ್ತಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಬೃಹತ್ ಅಧ್ಯಯನವೊಂದರಲ್ಲಿ ಮೊದಲ ಔಷಧಿಯಿಂದಲೇ ಪೂರ್ಣ ಚೇತರಿಸಿಕೊಂಡವರು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಆದ್ದರಿಂದ ಮೊದಲ ಔಷಧಿ ಫಲಿಸಲಿಲ್ಲವೆಂದು ನಿರಾಶರಾಗಬೇಕಿಲ್ಲ.

ಚಿಕಿತ್ಸೆಯ ಹಿನ್ನೆಲೆ

ಬದಲಾಗುತ್ತಿರುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದರು. ಈ ತತ್ತ್ವವನ್ನು ಬಳಸಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ತಲೆಬುರುಡೆಯ ಹೊರಗಿನಿಂದಲೇ ಮನುಷ್ಯನ ಮೆದುಳನ್ನು ಕಾಂತಸ್ಪಂದನಗಳಿಂದ ಪ್ರಚೋದಿಸಿದರು. ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್, ಸಂಕ್ಷಿಪ್ತವಾಗಿ ಟಿಎಂಎಸ್, ಎಂಬ ವಿಧಾನ ಹುಟ್ಟಿದ್ದು ಹೀಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಖಿನ್ನತೆಯ ಚಿಕಿತ್ಸೆಗೆ ಇದನ್ನು ಅನುಮತಿಸಿತು. ನಮ್ಮಲ್ಲಿ ನಿಮ್ಹಾನ್ಸ್ ಸೇರಿದಂತೆ ಹಲವು ಆಸ್ಪತ್ರೆಗಳಲ್ಲಿ ಇದು ಲಭ್ಯವಿದೆ.

ಮಾರುಕಟ್ಟೆಯಲ್ಲಿ ದೊರೆಯುವ ಅಯಸ್ಕಾಂತದ ಹಾಸಿಗೆ, ಕಡಗಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆ ಅಯಸ್ಕಾಂತಗಳ ಕ್ಷೇತ್ರ ಸ್ಥಿರವಾದುದು. ಅದು ಮೆದುಳಿನಲ್ಲಿ ಇಂತಹ ವಿದ್ಯುತ್ತನ್ನು ಪ್ರೇರಿಸಲಾರದು.

ನಡೆಯುವ ಬಗೆ

ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಒರಗಿರುತ್ತಾರೆ. ಅರಿವಳಿಕೆ ಬೇಕಿಲ್ಲ. ತಂತಿಸುರುಳಿಯನ್ನು ಸಾಮಾನ್ಯವಾಗಿ ಹಣೆಯ ಎಡಮೇಲ್ಭಾಗದಲ್ಲಿ, ಖಿನ್ನತೆಯಲ್ಲಿ ಮಂದವಾಗುವುದೆನ್ನಲಾದ ಮೆದುಳಿನ ಭಾಗಕ್ಕೆ ಎದುರಾಗಿ ಇರಿಸುತ್ತಾರೆ. ಸ್ಪಂದನಗಳು ಟಕಟಕನೆ ಸದ್ದು ಮಾಡುವುದರಿಂದ ಕಿವಿಗೆ ರಕ್ಷಣೆ ಒದಗಿಸುತ್ತಾರೆ. ವಾರಕ್ಕೆ 5 ದಿನದಂತೆ 4ರಿಂದ 6 ವಾರ ಇದು ನಡೆಯುತ್ತದೆ. ಮುಗಿದೊಡನೆ ಮನೆಗೋ ಕಚೇರಿಗೋ ಹೋಗಬಹುದು.

ಮೊದಲು ಪ್ರತಿ ಬಾರಿಗೆ ಸುಮಾರು 37 ನಿಮಿಷ ಹಿಡಿಯುತ್ತಿತ್ತು. 414 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವು, ಸುಮಾರು 3 ನಿಮಿಷಗಳ ಹೊಸ ಕ್ರಮವೂ ಫಲದಲ್ಲಿ ಹಿಂದೆ ಬೀಳುವುದಿಲ್ಲವೆಂದು ತೋರಿಸಿತು.

ಫಲವೆಷ್ಟು, ಅಪಾಯವೆಷ್ಟು?

ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗಣನೀಯ ಸುಧಾರಣೆಯೂ, ಸುಮಾರು ಮೂರನೆಯ ಒಂದು ಪಾಲಿನವರಿಗೆ ಬಹುತೇಕ ಪೂರ್ಣ ಬಿಡುಗಡೆಯೂ ದೊರೆಯುತ್ತದೆ. ಕೆಲವರಲ್ಲಿ ಕಾಯಿಲೆ ಮರುಕಳಿಸುವುದುಂಟು. ಆಗ ಚಿಕಿತ್ಸೆಯನ್ನು ಮತ್ತೆ ನೀಡಬಹುದು. ತಲೆನೋವು, ನೆತ್ತಿಯ ನೋವು ಸಾಮಾನ್ಯ ತೊಂದರೆಗಳು; ಕ್ರಮೇಣ ಕಡಿಮೆಯಾಗುತ್ತವೆ. ಸೆಳವು ಬರುವುದು ತೀರ ಅಪರೂಪ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಇದು ಸಲ್ಲದು. ಮೂರ್ಛೆರೋಗವಿದ್ದವರೂ ಪೇಸ್‌ಮೇಕರ್ ಹೊಂದಿದವರೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಇದನ್ನು ವಿದ್ಯುತ್ ಚಿಕಿತ್ಸೆಯೊಡನೆ ಬೆರೆಸಬಾರದು. ಅದನ್ನು ಅರಿವಳಿಕೆ ನೀಡಿಯೇ ಮಾಡಬೇಕೆಂಬುದು ಕಾನೂನು. ಅನ್ನ ನೀರು ಬಿಟ್ಟವರಿಗೆ, ಆತ್ಮಹತ್ಯೆಯ ತೀವ್ರ ಅಪಾಯವಿರುವವರಿಗೆ ಇಂದಿಗೂ ವಿದ್ಯುತ್ ಚಿಕಿತ್ಸೆಯೇ ಹೆಚ್ಚು ಬಲವಾದುದು. ಯಾವುದು ಯಾರಿಗೆ ಎಂಬುದನ್ನು ಮನೋವೈದ್ಯರೇ ನಿರ್ಧರಿಸಬೇಕು. ಸೇವಿಸುತ್ತಿರುವ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

ವಿಮೆಯ ವಿಚಾರ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು, ದೈಹಿಕ ಕಾಯಿಲೆಗಳಿಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು ವಿಧಿಸುತ್ತದೆ. ಆದರೆ ಟಿಎಂಎಸ್ ಬಹುಪಾಲು ಹೊರರೋಗಿ ಚಿಕಿತ್ಸೆ. ಅನೇಕ ಪಾಲಿಸಿಗಳು ಮುಖ್ಯವಾಗಿ ಒಳರೋಗಿ ವೆಚ್ಚವನ್ನು ಭರಿಸುವಂಥವು. ಚಿಕಿತ್ಸೆಗೆ ಮುನ್ನವೇ ವಿಮಾ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯುವುದು ಲೇಸೆಂಬುದು ಬ್ಯಾಂಕಿನ ಮೇಜಿನಿಂದ ನಾವು ಹೇಳಬಲ್ಲ ಮಾತು.

ಕೊನೆಯ ಮಾತು

2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಹೊರನಾಡಿನಲ್ಲಿರುವ ನಮಗೆ ಕನ್ನಡದಲ್ಲಿಯೂ ಮಾತನಾಡುವ ಅವಕಾಶ ಅಲ್ಲಿದೆ. ದುಃಖವನ್ನು ತಾಯ್ನುಡಿಯಲ್ಲಿ ತೋಡಿಕೊಳ್ಳುವುದು ಸುಲಭ. ನೆಂಟರು ಏನೆಂದಾರು ಎಂಬ ಅಳುಕಿನಿಂದ ಮನೆಯೊಳಗಿನ ನೋವನ್ನು ಬಚ್ಚಿಡದಿರೋಣ. ಎರಡು ಔಷಧಿಗಳು ಸೋತವೆಂದರೆ ದಾರಿ ಮುಗಿಯಿತೆಂದಲ್ಲ. ಈ ಮಾತನ್ನು ಅಗತ್ಯವಿದ್ದವರಿಗೆ ಸಕಾಲದಲ್ಲಿ ತಲುಪಿಸುವ ಹೊಣೆ ನಮ್ಮೆಲ್ಲರದು.