ಕರಾವಳಿಯ ಕಿರುಶಾರ್ಕಿನ ಆಹಾರದಲ್ಲಿ ಋತುಭೇದ

ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಕಡೆಯಿಂದ ಬಂದು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ಹಲವು ತಲೆಮಾರಿನವರಿಗೆ ಸ್ಕೋಲಿಯೊಡಾನ್ ಎಂಬ ಕಿರುಶಾರ್ಕು ಫಾರ್ಮಲಿನ್ನಿನ ವಾಸನೆಯೊಡನೆ ಪರಿಚಿತವಾದುದು. ಅದರ ಅಂಗರಚನೆಯನ್ನು ಸಾಂಗವಾಗಿ ನಿರೂಪಿಸಿ 1928ರಲ್ಲಿ ಲಖನೌದಲ್ಲಿ ಪ್ರಕಟವಾದ ತಿಲ್ಲೈಯಂಪಲಂ ಅವರ ಗ್ರಂಥವು ನಮ್ಮ ಪಾಠಕ್ರಮಕ್ಕೆ ದೀರ್ಘಕಾಲ ಆಧಾರವಾಗಿದ್ದಿತು. ಆದರೆ ಮೇಣದ ತಟ್ಟೆಯಲ್ಲಿ ಕಪಾಲನರಗಳನ್ನು ಅರಸಿದ ಕೈಗಳು ಜಠರವನ್ನು ಬಿಡಿಸಿ, ಈ ಜೀವಿ ಯಾವ ಮಾಸದಲ್ಲಿ ಏನನ್ನು ಭಕ್ಷಿಸಿತ್ತೆಂದು ಪರೀಕ್ಷಿಸಿದುದು ವಿರಳ.

ತುಳುವರು ತಾಟೆಯೆಂದೂ ಕೊಂಕಣಿಗರು ಮೋರಿಯೆಂದೂ ಕರೆಯುವ ಮೀನುಗಳ ಪೈಕಿ ಇದು ಅತ್ಯಲ್ಪ ಗಾತ್ರದ್ದು. ಹುಟ್ಟುವಾಗ 12ರಿಂದ 15 ಸೆಂಟಿಮೀಟರ್, ಬೆಳೆದಾಗಲೂ ಮುಕ್ಕಾಲು ಮೀಟರನ್ನು ಮೀರದು. ಚಪ್ಪಟೆ ಮೂತಿಯ ಈ ಪ್ರಾಣಿ ದಡದ ಸಮೀಪದ ಆಳವಿಲ್ಲದ ನೀರಿನಲ್ಲಿಯೂ ಅಳಿವೆಗಳಲ್ಲಿಯೂ ಸಂಚರಿಸುವುದು. ಗರಗಸದಂಚಿಲ್ಲದ, ಓರೆಯಾದ ಸಣ್ಣ ಹಲ್ಲುಗಳು ಬೇಟೆಯನ್ನು ತುಂಡರಿಸುವುದಕ್ಕಿಂತ ಹಿಡಿದು ನುಂಗುವುದಕ್ಕೇ ತಕ್ಕುವಾದುದರಿಂದ ಜಠರದಲ್ಲಿ ಸಿಗಡಿಯ ಚಿಪ್ಪು, ಮೀನಿನ ಬೆನ್ನೆಲುಬು, ಕಿವಿಗಲ್ಲು, ಬೊಂಡಾಸಿನ (ಸ್ಕ್ವಿಡ್) ಕಪ್ಪು ಕೊಕ್ಕು ಗುರುತಿಸುವಂತೆ ಉಳಿದಿರುತ್ತವೆ. ಇವುಗಳಲ್ಲಿ ಕೊಕ್ಕು ಬಹುಕಾಲ ಜೀರ್ಣವಾಗದೆ ಉಳಿದು, ಮೃದುವಾದ ಸಿಗಡಿ ಬೇಗನೆ ಕರಗುವುದರಿಂದ, ಎಣಿಕೆಯನ್ನಷ್ಟೇ ನೆಚ್ಚಿದ ಸಂಶೋಧಕನು ಬೊಂಡಾಸಿಗೆ ಸಲ್ಲದ ಪ್ರಾಧಾನ್ಯವನ್ನು ಕೊಟ್ಟುಬಿಡುವನು. ಎಣಿಕೆಯೊಡನೆ ತೂಕವನ್ನೂ, ಪ್ರತಿಯೊಂದು ಆಹಾರವು ಎಷ್ಟು ಜಠರಗಳಲ್ಲಿ ಕಂಡಿತೆಂಬುದನ್ನೂ, ಬರಿದಾದ ಜಠರಗಳನ್ನೂ ಲೆಕ್ಕಕ್ಕೆ ತರುವುದು ಆದುದರಿಂದ ಅನಿವಾರ್ಯ.

ಇನ್ನು ಋತುವಿನ ವಿಚಾರ. ನೈಋತ್ಯ ಮಾರುತದ ಕಾಲದಲ್ಲಿ ನಮ್ಮ ತೀರದುದ್ದಕ್ಕೂ ಆಳದ ತಣ್ಣೀರು ಮೇಲೇರಿ, ಪೋಷಕ ಲವಣಗಳನ್ನು ಬೆಳಕಿನ ಪದರಕ್ಕೆ ತಂದು ಸಸ್ಯಪ್ಲವಕಗಳನ್ನು ಸಮೃದ್ಧಗೊಳಿಸುವುದು. ಬೂತಾಯಿಯೇ ಮೊದಲಾದ ಮೀನುಗಳ ಪೋಷಣೆಗೆ ಇದೇ ಮೂಲ. ಅದೇ ನೀರು ಆಮ್ಲಜನಕದಲ್ಲಿ ದರಿದ್ರವಾದುದೂ ಅಹುದು. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಪಶ್ಚಿಮ ತೀರದ ಈ ಆಮ್ಲಜನಕದ ಅಭಾವವು ಎಷ್ಟು ತೀವ್ರವೆಂಬುದನ್ನು ತೋರಿಸಿಕೊಟ್ಟಿತು. ತಳವಾಸಿಗಳಾದ ಸಿಗಡಿಗಳೂ ಸಣ್ಣ ಮೀನುಗಳೂ ಆಗ ದಡದತ್ತ ಒತ್ತರಿಸಲ್ಪಟ್ಟರೆ, ತೀರದಲ್ಲೇ ಬೇಟೆಯಾಡುವ ಕಿರುಶಾರ್ಕಿನ ಆಹಾರವೂ ಅದಕ್ಕನುಗುಣವಾಗಿ ಮಾರ್ಪಡಬೇಕೆಂಬುದು ನನ್ನ ಊಹೆ.

ಈ ಊಹೆಯನ್ನು ಪರೀಕ್ಷಿಸುವ ಮಾರ್ಗದಲ್ಲಿಯೇ ತೊಡಕಿದೆ. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷಿದ್ಧ. ಮತ್ಸ್ಯಸಂತತಿಯ ಹಿತಕ್ಕೆ ಆ ನಿಷೇಧ ಇರತಕ್ಕದ್ದೇ. ಆದರೆ ಟ್ರಾಲ್ ಬೋಟುಗಳ ಹಿಡಿತದಿಂದಲೇ ಮಾದರಿಗಳನ್ನು ಆಯ್ದು ವರ್ಷದ ಆಹಾರಕ್ರಮವನ್ನು ನಿರ್ಣಯಿಸಿದರೆ, ಕಡಲಿನ ಸ್ಥಿತಿ ಅತ್ಯಂತ ತ್ವರಿತವಾಗಿ ಬದಲಾಗುವ ಆ ಎರಡು ತಿಂಗಳುಗಳೇ ನಿರ್ಣಯದಿಂದ ಹೊರಗುಳಿಯುವುವು. ಸೆಪ್ಟೆಂಬರಿನ ಜಠರವನ್ನು ಮೇ ತಿಂಗಳಿನದರೊಡನೆ ಹೋಲಿಸಿ ಮಳೆಗಾಲದ ಪರಿಣಾಮವನ್ನು ಅನುಮಾನಿಸುವುದು ಸಾಲದು.

ಆ ಅವಧಿಯಲ್ಲಿಯೂ ಕಡಲು ಶಾಂತವಾದಾಗ ಅಳಿವೆಯ ಆಸುಪಾಸಿನಲ್ಲಿ ಬಲೆಬೀಸುವವರು ನಾಡದೋಣಿಯ ಮೀನುಗಾರರು. ಅವರ ಬಲೆಗೆ ಬಿದ್ದ ತಾಟೆಮರಿಗಳ ಜಠರಗಳನ್ನು, ಹಿಡಿದ ದಿನಾಂಕ, ಸ್ಥಳ, ನೀರಿನ ಆಳಗಳ ಉಲ್ಲೇಖದೊಡನೆ, ದಡದಲ್ಲಿಯೇ ಸಂರಕ್ಷಿಸಿ ಪರೀಕ್ಷೆಗೆ ಒಳಪಡಿಸಬೇಕು. ಈ ಕಾರ್ಯವನ್ನು ಕರಾವಳಿಯ ಮತ್ಸ್ಯವಿಜ್ಞಾನ ಸಂಸ್ಥೆಗಳೂ ಬೆಂಗಳೂರಿನ ಕಾಲೇಜುಗಳೂ ಒಡಗೂಡಿ ಕೈಗೊಳ್ಳಬೇಕೆಂದು ನನ್ನ ವಿನಂತಿ.